ಆರಿಸು

“ಬೆಂಕಿ ಆರಿಸುವ ಸಾಧನವನ್ನು ಆರಿಸುವ ಮುನ್ನ ಗಮನಿಸಬೇಕಾದ ಅಂಶಗಳು.” ಈ ಸಾಲಿನ ಮೇಲೆ ಅವಳ ಕೆಂಪು ಪೆನ್ಸಿಲ್ಲು ನಿಂತುಬಿಟ್ಟಿತ್ತು. ಪಕ್ಕದ ಮೇಜಿನವಳು ಬಗ್ಗಿ ನೋಡಿ ಕಿಸಕ್ಕನೆ ನಕ್ಕಳು. “ಆರಿಸೋದನ್ನ ಆರಿಸಿ, ಆರಿಸಿದ್ಮೇಲೆ ಆರಿಸಿ! ಯಾರಪ್ಪ ಇದನ್ನ ಬರೆದ ಮಹಾನುಭಾವ?” ನಗು ಎರಡು ಮೇಜು ದಾಟಿ ಮ್ಯಾನೇಜರರ ಬಾಗಿಲವರೆಗೂ ಹೋಯಿತು. ಮಾತಿನ ನಡುವೆ ಎಲ್ಲೆಂದರಲ್ಲಿ ನಿಲ್ಲುವ ಅಭ್ಯಾಸದಿಂದ ಮುದ್ರಣಾಲಯದಲ್ಲಿ ಅವರಿಗೆ ಅಲ್ಪವಿರಾಮ ಎಂದು ಹೆಸರು. ಅವರು ಹೊರಗೆ ಬಂದು, “ಎರಡನೇದನ್ನ, ಆಯ್ಕೆ ಅಂತ, ಮಾಡಿಬಿಡಿ,” ಎಂದು ತಾವೂ ನಕ್ಕರು. ಆಮೇಲೆ ಅವಳ ಮುಖ ಕಂಡಿತು. ನಳ ತಿರುಗಿಸಿದಂತೆ ನಗು ನಿಂತಿತು. ಪಕ್ಕದ ಮೇಜಿನವಳು ಇಲ್ಲದ ಧೂಳನ್ನು ಕೈಯಿಂದ ಒರೆಸಿದಳು. ಹನ್ನೊಂದು ತಿಂಗಳಿಂದ ಹೀಗೆಯೇ. ತನ್ನ ಎದುರಿಗೆ ಯಾರೂ ಒಂದು ನಗುವನ್ನು ಪೂರ್ತಿ ನಗುವುದಿಲ್ಲ. ನಿಲ್ಲಿಸಬೇಡಿ, ನಗಿ ಎಂದು ಹೇಳಬೇಕೆನಿಸುತ್ತದೆ. ಹೇಳಿದರೆ ಅದೂ ಒಂದು ದುಃಖದ ಮಾತಾಗಿಬಿಡುತ್ತದೆ. ಅವಳು ಎರಡನೆಯ ಪದವನ್ನು ಹೊಡೆದು ಅಂಚಿನಲ್ಲಿ ‘ಆಯ್ಕೆ ಮಾಡುವ’ ಎಂದು ಬರೆದಳು. ಮೊದಲನೆಯ ಪದ ಹಾಗೆಯೇ ಉಳಿಯಿತು. ಅದರಲ್ಲಿ ತಪ್ಪೇನೂ ಇರಲಿಲ್ಲ. ನಂದಿಸುವುದಕ್ಕೂ ಆರಿಸುವುದೇ, ಆಯುವುದಕ್ಕೂ ಆರಿಸುವುದೇ, ಬಿಸಿಯಾದದ್ದನ್ನು ತಣ್ಣಗಾಗಲು ಬಿಡುವುದಕ್ಕೂ ಆರಿಸುವುದೇ. ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳಬೇಕು. ಮೂರು ಮಹಡಿಯ ಮೆಟ್ಟಿಲ ತಿರುವಿನಲ್ಲಿ, ಇಬ್ಬರು ಹೊತ್ತ ಸ್ಟ್ರೆಚರಿನ ಮೇಲಿಂದ, ಗಂಡನ ಬೂದಿಬಣ್ಣದ ತುಟಿಗಳು ಅದೊಂದೇ ಪದ ಹೇಳಿದರೆ, ಸಂದರ್ಭ ಯಾವುದು?

ಓವನ್ನೇ ಇರಬೇಕು. ಒಳಗೆ ಊಟ ಬೇಯುತ್ತಿತ್ತಲ್ಲ. ಅವನೇ ಜೋಡಿಸಿ ಒಳಗಿಟ್ಟು, ಗಂಟೆ ನೋಡಿ, “ಇಪ್ಪತ್ತೈದು ನಿಮಿಷ, ಅಷ್ಟೊತ್ತು ನಾನು ಮಹಾರಾಜ,” ಎಂದು ಅಡುಗೆಮನೆಯ ನೆಲದ ಮೇಲೇ ಕೂತಿದ್ದ. ಕೂತದ್ದು ತಮಾಷೆಗೆ ಎಂದುಕೊಂಡಿದ್ದಳು.

ಬೆಳಿಗ್ಗೆ ಅತ್ತೆ ಫೋನು ಮಾಡಿದ್ದರು. “ಸಂಜೆ ಬರ್ತೀನಿ. ಕಲ್ಲಿನ ಮೇಲೆ ಹಾಕ್ಸೋದನ್ನ ಬರ್ಕೊಂಡಿದೀನಿ, ಒಮ್ಮೆ ನೋಡ್ಬಿಡು. ನಾಳೆ ಬೆಳಿಗ್ಗೆ ಕೆತ್ತೋಕೆ ಶುರು ಮಾಡ್ತಾನಂತೆ ಕಲ್ಲಿನವನು. ಪೇಪರ್ ಮೇಲೆ ತಪ್ಪಾದ್ರೆ ರಬ್ಬರಿದೆ, ಕಲ್ಲಿನ ಮೇಲಾದ್ರೆ ಏನಿದೆ? ತಪ್ಪು ಹುಡುಕೋದೇ ನಿನ್ನ ಕಸುಬಲ್ವಾ?” ಅವಳು ಹೂಂ ಎಂದಳು. “ಮತ್ತೆ ಊಟಕ್ಕೆ ತಲೆ ಕೆಡಿಸ್ಕೋಬೇಡ. ಅವನು ಮಾಡ್ತಿದ್ನಲ್ಲ ಸೋಮಾರಿ ಊಟ, ಅದೇ ಮಾಡು. ನನ್ನ ಹಲ್ಲಿಗೂ ಸುಲಭ.” ಅವಳು ಮತ್ತೆ ಹೂಂ ಎಂದಳು. ಫೋನು ಇಟ್ಟ ಮೇಲೆ ಬಹಳ ಹೊತ್ತು ಬಲಗೈ ಕಿವಿಯ ಹತ್ತಿರವೇ ಇತ್ತು. ಅವನ ಸಮಾಧಿಯ ಕಲ್ಲಿನ ಮೇಲೆ ಏನು ಬರುತ್ತದೆಂದು ಅವಳಿಗೆ ಗೊತ್ತಿತ್ತು. ಅತ್ತೆ ಅದನ್ನು ಹಾಲಿನವನಿಗೂ ಹೇಳಿದ್ದರು, ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೇಳಿದ್ದರು. ಕೊನೆಯುಸಿರಿನಲ್ಲಿ ಮಗ ಅಮ್ಮಾ ಎಂದ. ಹಾಗೆಂದು ಅತ್ತೆಗೆ ಹೇಳಿದವಳು ಇವಳು. ಅವನು ಹಾಗೆ ಅಂದನೋ ಇಲ್ಲವೋ ಇವಳಿಗೆ ಗೊತ್ತಿಲ್ಲ. ಅಂದಿದ್ದರೂ ಕೇಳಲು ಇವಳು ಅಲ್ಲಿರಲಿಲ್ಲ.

ಮಾಂಸದಂಗಡಿಯಲ್ಲಿ ಸಂಜೆಯ ಸಾಲು. ಬಿಳಿ ಟೈಲ್ಸ್, ಕೊಕ್ಕೆಗಳು, ತಣ್ಣನೆಯ ಲೋಹದ ವಾಸನೆ. ಮುಂದೆ ನಿಂತ ಹೆಂಗಸು ತನ್ನ ನಾಯಿಗೆ ಎಲುಬು ಕೇಳುತ್ತಿದ್ದಳು, ಅಂಗಡಿಯವನು ನಾಯಿಯ ಆರೋಗ್ಯ ವಿಚಾರಿಸುತ್ತಿದ್ದ. ಅವಳ ಸರದಿ ಬಂದಾಗ, “ದನದ ಮಾಂಸ, ಅರ್ಧ ಕೇಜಿ, ಸಣ್ಣಗೆ ಕೊಚ್ಚಿ. ಕೊಬ್ಬು ತೆಗೆದುಬಿಡಿ,” ಎಂದಳು. ಅವನು ಚಾಕು ಮಸೆಯುತ್ತ, “ಇರ್ಲಿ ಬಿಡಿ ಅಕ್ಕ, ಸ್ವಲ್ಪ ಕೊಬ್ಬಿಲ್ದಿದ್ರೆ ಮಾಂಸಕ್ಕೂ ರುಚಿಯಿಲ್ಲ, ಮನುಷ್ಯಂಗೂ ರುಚಿಯಿಲ್ಲ,” ಎಂದ. ಹಿಂದಿನವರು ನಕ್ಕರು. ಇವನಿಗೆ ಅವಳ ವಿಷಯ ಗೊತ್ತಿರಲಿಲ್ಲ, ಹಾಗಾಗಿ ನಗು ನಿಲ್ಲಲಿಲ್ಲ, ತಾನಾಗಿಯೇ ಮುಗಿಯಿತು. ಅವಳಿಗೂ ತುಟಿ ಕದಲಿದಂತಾಯಿತು. ತಕ್ಷಣ ಯಾರಾದರೂ ಪರಿಚಯದವರು ನೋಡಿದರೇನೋ ಎಂದು ಬಾಗಿಲ ಕಡೆ ತಿರುಗಿದಳು. ಯಂತ್ರದ ಬಾಯಿಂದ ಮಾಂಸ ಕೆಂಪು ಎಳೆಗಳಾಗಿ ಇಳಿಯುತ್ತಿತ್ತು. ಆ ದಿನ ಸ್ಟ್ರೆಚರಿನವರಲ್ಲಿ ದಪ್ಪಗಿದ್ದವನು ಮೆಟ್ಟಿಲ ಬುಡದಿಂದ ಕೂಗಿದ್ದ: “ಮೇಡಂ, ಬರ್ತೀರೋ ಇಲ್ವೋ?” ಅವಳು ಮೇಲಿನಿಂದ ಒಂದೇ ನಿಮಿಷ ಎಂದಿದ್ದಳು. ಒಂದೇ ನಿಮಿಷ! ಹಾಲು ಕೊಳ್ಳುವಾಗ, ಬಸ್ಸಿಗೆ ಓಡುವಾಗ, ಸ್ನಾನದ ಮನೆಯ ಬಾಗಿಲು ಬಡಿದಾಗ ಹೇಳುವ ಅದೇ ದನಿಯಲ್ಲಿ. “ಅಕ್ಕ, ಚೀಲ,” ಎಂದ ಅಂಗಡಿಯವನು. ಎರಡು ಸಲ ಹೇಳಿರಬೇಕು.

ಅಡುಗೆಮನೆ ಇಬ್ಬರು ನಿಂತರೆ ಮೊಣಕೈ ತಾಗುವಷ್ಟು. ಹನ್ನೊಂದು ತಿಂಗಳಲ್ಲಿ ಓವನ್ನಿನ ಒಳಗೆ ಹರಿವಾಣಗಳು, ಹಳೆಯ ಬಾಣಲೆ, ಒಂದು ಮುರಿದ ಜರಡಿ ಸೇರಿಕೊಂಡಿದ್ದವು. ಅವನ್ನೆಲ್ಲ ತೆಗೆದು ನೆಲದ ಮೇಲಿಟ್ಟು, ಒಳಗೆ ಒದ್ದೆ ಬಟ್ಟೆಯಿಂದ ಒರೆಸಿದಳು. ಕೆಳಗಿನ ತಟ್ಟೆಯಲ್ಲಿ ಕರಕಲಾದ ಚೀಸಿನ ಒಂದು ಹನಿ ಗಟ್ಟಿಯಾಗಿ ಅಂಟಿತ್ತು. ಉಗುರಿನಿಂದ ಕೆರೆದಳು, ಬರಲಿಲ್ಲ, ಬಿಟ್ಟಳು. ಗುಂಡಿಯನ್ನು ನೂರ ತೊಂಬತ್ತು ಡಿಗ್ರಿಗೆ ತಿರುಗಿಸಿದಾಗ ಒಳಗೆ ಹಳದಿ ದೀಪ ಹತ್ತಿತು. ಇದರಲ್ಲಿ ಕಷ್ಟದ್ದೇನೂ ಇಲ್ಲ. ಈರುಳ್ಳಿ ಹೆಚ್ಚಿ ಬಾಡಿಸಬೇಕು, ಮಾಂಸ ಹಾಕಿ ಕೆಂಪು ಹೋಗುವವರೆಗೆ ಕೈಯಾಡಿಸಬೇಕು, ಟೊಮೆಟೊ, ಮೆಣಸಿನಪುಡಿ, ಉಪ್ಪು. ಅರ್ಧ ಬೆಂದ ಮ್ಯಾಕರೋನಿ ಬೆರೆಸಿ, ಗಾಜಿನ ಪಾತ್ರೆಗೆ ಸುರಿದು, ಮೇಲೆ ಚೀಸು ತುರಿದು, ಒಳಗೆ ತಳ್ಳಿಬಿಡಬೇಕು. ಆಮೇಲಿನ ಕೆಲಸ ಬೆಂಕಿಯದು. ಅದಕ್ಕೇ ಅವನು ಅದನ್ನು ಸೋಮಾರಿ ಊಟ ಎನ್ನುತ್ತಿದ್ದ. ವಾರದ ನಡುವಿನ ದಿನ, ಇಬ್ಬರೂ ಸುಸ್ತಾಗಿ ಬಂದಾಗ, ಯಾರು ಹೆಚ್ಚು ಸುಸ್ತಾಗಿದ್ದಾರೆಂದು ಜಗಳವಾಡಿ ಸೋತವರು ಮಾಡುತ್ತಿದ್ದರು. ಆ ದಿನ ಅವನು ಸೋತಿದ್ದ. ಎದೆ ಹಿಡಿದಂಗಾಗ್ತಿದೆ ಎಂದಿದ್ದ. ಅವಳು ಸೋಫಾದ ಮೇಲಿಂದ, “ಈ ನಾಟಕ ಎಲ್ಲ ಬೇಡ, ಏಳು,” ಎಂದಿದ್ದಳು. ಚೀಸು ತುರಿಯುವಾಗ ಬೆರಳ ಗಿಣ್ಣು ತುರಿಮಣೆಗೆ ತಾಗಿ ಚರ್ಮ ಎದ್ದಿತು. ನೋವು ಸ್ವಲ್ಪ ತಡವಾಗಿ, ಬೇರೆ ಯಾರದೋ ಬೆರಳಿನಿಂದ ಬಂದಂತೆ ಬಂತು. ಅವಳು ಬೆರಳನ್ನು ಬಾಯಲ್ಲಿಟ್ಟುಕೊಂಡು ನಿಂತಳು.

ಆ ರಾತ್ರಿ ಆಸ್ಪತ್ರೆಯ ಉದ್ದನೆಯ ಕಾರಿಡಾರಿನಲ್ಲಿ ಪ್ಲಾಸ್ಟಿಕ್ ಕುರ್ಚಿಗಳು ಒಂದಕ್ಕೊಂದು ಬೆಸೆದಿದ್ದವು, ಒಬ್ಬರು ಕೂತರೆ ಸಾಲೆಲ್ಲ ನಡುಗುತ್ತಿತ್ತು. ಅತ್ತೆ ಎರಡು ಕಾಲಿಗೆ ಬೇರೆ ಬೇರೆ ಜೊತೆಯ ಚಪ್ಪಲಿ ಹಾಕಿಕೊಂಡು ಬಂದಿದ್ದರು. ಅಳಲಿಲ್ಲ. ಕೂತರು. “ಕೊನೇಲಿ ಏನಾದ್ರೂ ಅಂದ್ನಾ?” ಎಂದು ಕೇಳಿದರು. ಅವಳು ಟ್ಯಾಕ್ಸಿಯಲ್ಲಿ ಬಂದು ಇಪ್ಪತ್ತು ನಿಮಿಷವಾಗಿತ್ತು, ಅಂಬುಲೆನ್ಸಿನೊಳಗೇ ಎಲ್ಲ ಮುಗಿದಿತ್ತು. “ಅಮ್ಮ ಅಂದ,” ಎಂದಳು. ಯೋಚಿಸಿ ಹೇಳಿದ್ದಲ್ಲ. ಕರಡು ತಿದ್ದುವವರಿಗೆ ಬರುವ ಒಂದು ಕಾಯಿಲೆ ಇದೆ: ದಣಿದ ಕಣ್ಣು ಪುಟದ ಮೇಲಿರುವ ಪದವನ್ನು ಓದುವುದಿಲ್ಲ, ಅಲ್ಲಿ ಇರಬೇಕಾದ ಪದವನ್ನು ಓದುತ್ತದೆ. ಸಾಯುವವರು ಅಮ್ಮ ಎನ್ನುತ್ತಾರೆ. ಹಾಗೆಂದು ಎಷ್ಟು ಪುಟಗಳಲ್ಲಿ ತಿದ್ದಿಲ್ಲ ಅವಳು! ಹೇಳಿದ ಮರುಕ್ಷಣ ತಪ್ಪು ಕಂಡಿತು. ಅವನು ತನ್ನ ತಾಯಿಯನ್ನು ಅಮ್ಮ ಎಂದು ಕರೆದದ್ದನ್ನು ಅವಳು ಎಂದೂ ಕೇಳಿರಲಿಲ್ಲ. ಟೀಚರ್ ಎನ್ನುತ್ತಿದ್ದ. “ಟೀಚರೇ, ಕನ್ನಡಕ ಎಲ್ಲಿ? ಟೀಚರೇ, ಇವಳಿಗೆ ಮಾರ್ಕ್ಸ್ ಕಡಿಮೆ ಹಾಕಿ.” ಮದುವೆಯಾದ ಹೊಸದರಲ್ಲಿ ಅವಳಿಗದು ನಗು ತರಿಸುತ್ತಿತ್ತು, ಆಮೇಲೆ ಅಭ್ಯಾಸವಾಯಿತು. ಆದರೆ ಆ ಕಾರಿಡಾರಿನಲ್ಲಿ ಅತ್ತೆಯ ಮುಖ ಮೆಲ್ಲಗೆ ಅವಳ ಕಡೆ ತಿರುಗಿತು. “ಅಮ್ಮ ಅಂದ್ನಾ? ಅಮ್ಮ ಅಂತಲೇ?” ಕುರ್ಚಿಯ ಸಾಲು ನಡುಗಿತು. ಅವಳು ಹೌದೆಂದು ತಲೆಯಾಡಿಸಿದಳು.

ಅವನು ಟೀಚರ್ ಎನ್ನುತ್ತಿದ್ದುದರ ಕಾರಣವನ್ನು ಎರಡು ವಾರದ ಮೇಲೆ ಅತ್ತೆ ಅವಳಿಗೆ ಹೇಳಿದ್ದರು. ಅವನಿಗೆ ಆರು ವರ್ಷ, ಅವರದೇ ತರಗತಿ. ಯಾವುದೋ ಲೆಕ್ಕ ಬಾರದೆ ಎದ್ದು ನಿಂತು, “ಅಮ್ಮ, ಇದು ಬರ್ತಿಲ್ಲ,” ಎಂದ. ತರಗತಿಯೆಲ್ಲ ಹೋ ಎಂದು ನಕ್ಕಿತು. “ನಾನು ಹೊಸಬಳು ಕಣೇ ಆಗ, ಹೆಡ್‌ಮಾಸ್ಟ್ರು ಬಾಗಿಲಲ್ಲೇ ಇದ್ರು. ‘ಇಲ್ಲಿ ನಿಂಗೆ ಅಮ್ಮ ಯಾರೂ ಇಲ್ಲ, ಟೀಚರ್ ಅನ್ನು,’ ಅಂತ ಬೆಂಚಿನ ಮೇಲೆ ನಿಲ್ಲಿಸ್ದೆ. ಅವತ್ತು ಮನೆಗೆ ಬಂದೂ ಟೀಚರ್ ಅಂದ. ಮಾರನೇ ದಿನಾನೂ. ಹಠಮಾರಿ. ದೊಡ್ಡವನಾದ್ಮೇಲೆ ಅದು ತಮಾಷೆ ಅಂತ ಅವನೂ ಅಂದ್ಕೊಂಡ, ನಾನೂ ನಕ್ಕೊಂಡು ಓಡಾಡ್ದೆ. ಇಪ್ಪತ್ತೆಂಟು ವರ್ಷ.” ಅತ್ತೆ ಸೆರಗಿನಂಚನ್ನು ಬೆರಳಿಗೆ ಸುತ್ತಿ ಬಿಚ್ಚಿ ಮತ್ತೆ ಸುತ್ತಿದರು. “ಕೊನೆಗೆ ಬೆಂಚಿಂದ ಇಳಿದ ನೋಡು.” ಆ ದಿನ ಹೇಳಿಬಿಡಬೇಕಿತ್ತು. ಆ ದಿನವೇ ಹೇಳಲಾಗದೇ ಹೋಯಿತು. ಸುಳ್ಳು ಅವಳದಾಗಿ ಉಳಿದಿರಲಿಲ್ಲ, ಕೊಟ್ಟಾಗಿತ್ತು. ಕೊಟ್ಟದ್ದನ್ನು ಮರಳಿ ಕೇಳಿದರೆ ಕಸಿದುಕೊಂಡಂತೆ. ಕೇಳದಿದ್ದರೆ ನಾಳೆಯಿಂದ ಅದು ಕಲ್ಲು. ಪ್ರತಿ ಸಲ ಹೂವಿಟ್ಟು ತಲೆಯೆತ್ತಿದಾಗ ಅವನ ಹೆಸರಿನ ಕೆಳಗೆ ಅವಳ ಸುಳ್ಳು, ಅವಳು ಅಲ್ಲಿರಲಿಲ್ಲ ಎಂಬುದಕ್ಕೆ ಹಾಕಿದ ಮುಚ್ಚಳ.

ಕರೆಗಂಟೆ ಆಯಿತು. ಅತ್ತೆ ಒಳಬಂದವರೇ ಮೂಗರಳಿಸಿ, “ಹೂಂ, ಅದೇ ವಾಸನೆ,” ಎಂದರು. ಆಮೇಲೆ ಸ್ವಲ್ಪ ಹೊತ್ತು ಚೀಲದ ಹಿಡಿ ಬಿಡದೆ ಬಾಗಿಲಲ್ಲೇ ನಿಂತರು. ಅವಳು ಚೀಲ ತೆಗೆದುಕೊಂಡಳು. ಅತ್ತೆ ಅಡುಗೆಮನೆಗೆ ಬಂದು ನೆಲದ ಮೇಲಿನ ಬಾಣಲೆ, ಜರಡಿ ನೋಡಿ, “ಸಂತೆ ಹಾಕಿದೀಯಲ್ಲೇ,” ಎಂದರು. ಓವನ್ನಿನ ಗಾಜಿನೊಳಗೆ ಇಣುಕಿದರು. “ಬೆರಳಿಗೇನಾಯ್ತು?” “ತುರಿದೆ.” “ಚೀಸು ಸಾಲ್ದು ಅಂತಾನಾ?” ಇದು ನಗಬೇಕಾದ ಮಾತು. ಅವಳು ನಗುವ ಹೊತ್ತಿಗೆ ಅತ್ತೆ ಬೇರೆ ಕಡೆ ತಿರುಗಿದ್ದರು.

ಊಟ ಚೆನ್ನಾಗಿ ಆಗಿತ್ತು ಎಂದು ಅತ್ತೆ ಹೇಳಿದರು. ಚೀಸು ಅಂಚಿನಲ್ಲಿ ಗರಿಗರಿಯಾಗಿ, ನಡುವೆ ಎಳೆಎಳೆಯಾಗಿ ಬಂದಿತ್ತು. ಅವಳು ತನ್ನ ತಟ್ಟೆಯದನ್ನು ಚಮಚದಿಂದ ಆ ಕಡೆಯಿಂದ ಈ ಕಡೆಗೆ ಸರಿಸಿದಳು, ಕೆಲವು ತುತ್ತು ನುಂಗಿದಳು. ಕಲ್ಲಿನವನು ಎಂಥ ಮಾತುಗಾರ, ಅಕ್ಷರಕ್ಕೆ ಎಷ್ಟು ಆಳ ಇಳಿಯುತ್ತಾನೆ, ಬಿಳಿ ಕಲ್ಲಿಗಿಂತ ಬೂದು ಕಲ್ಲೇ ಯಾಕೆ ಒಳ್ಳೆಯದು ಎಂದೆಲ್ಲ ಅತ್ತೆ ಹೇಳಿದರು. ಊಟ ಮುಗಿಸಿ ಕೈ ತೊಳೆದು ಬಂದು, ಕನ್ನಡಕ ಹಾಕಿಕೊಂಡು, ಚೀಲದಿಂದ ನಾಲ್ಕು ಮಡಿಕೆಯ ಹಾಳೆ ತೆಗೆದರು. “ಮೂವತ್ತು ವರ್ಷ ಮಕ್ಕಳ ಕಾಪಿ ತಿದ್ದಿದೀನಿ. ಆದ್ರೂ ತನ್ನ ಬೆನ್ನು ತನಗೆ ಕಾಣುತ್ತಾ? ನೋಡು.”

ಗೆರೆ ಹಾಕಿದ ಹಾಳೆ, ಶಾಲೆಯ ದುಂಡು ಅಕ್ಷರ. ಅವನ ಹೆಸರು, ಎರಡು ದಿನಾಂಕ. ಅದರ ಕೆಳಗೆ: ‘ಕೊನೆಯುಸಿರಿನಲ್ಲಿ ಅಮ್ಮಾ ಎಂದು ಕರೆದ ಮಗ.’ ಸಾಲು ಹಾಳೆಯ ಅಂಚಿಗೆ ಬಂದು ತುಂಡಾಗಿತ್ತು. ಅವಳ ಕೈ ತಾನಾಗಿ ಪೆನ್ಸಿಲ್ಲು ಹುಡುಕಿತು. “ಇಲ್ಲಿ ಸಾಲು ಮುರಿಬಾರ್ದು ಅತ್ತೆ. ‘ಅಮ್ಮಾ ಎಂದು’ ಒಟ್ಟಿಗಿರ್ಬೇಕು,” ಎಂದಳು. ಅವಳ ದನಿ ಮುದ್ರಣಾಲಯದ ದನಿಯಾಗಿತ್ತು. ಅತ್ತೆ, “ಅದೇ ನೋಡು, ಇದಕ್ಕೇ ನೀನು ಬೇಕು,” ಎಂದರು. ಅವಳು ಗುರುತು ಹಾಕಿದಳು. ದಿನಾಂಕಗಳನ್ನು ಮತ್ತೆ ಓದಿದಳು. ಓದುವುದಕ್ಕೆ ಇನ್ನೇನೂ ಉಳಿದಿರಲಿಲ್ಲ. ಅತ್ತೆ ಕೈ ಚಾಚಿದರು. ಹಾಳೆಯ ಒಂದು ಮೂಲೆ ಅತ್ತೆಯ ಬೆರಳಲ್ಲಿ, ಇನ್ನೊಂದು ಅವಳ ಬೆರಳಲ್ಲಿ.

“ನಾನು ಅಂಬುಲೆನ್ಸಲ್ಲಿ ಇರ್ಲಿಲ್ಲ ಅತ್ತೆ.”

“ಇರ್ಲಿಲ್ಲ ಅಂದ್ರೆ?”

“ಅವನ ಜೊತೆ ಹೋಗ್ಲಿಲ್ಲ. ಮೆಟ್ಟಿಲಿಳಿಸುವಾಗ ಅವನು ಆರಿಸು ಅಂದ. ನಾನು ಓವನ್ ಆರಿಸೋಕೆ ಮೇಲೆ ಹೋದೆ. ಕೆಳಗೆ ಬರೋಷ್ಟರಲ್ಲಿ ಗಾಡಿ ಹೋಗಿತ್ತು. ಅವನು ಕೊನೇಲಿ ಏನಂದ ನಂಗೊತ್ತಿಲ್ಲ. ಅಮ್ಮ ಅಂತ ನಾನು ಹೇಳಿದ್ದು ಸುಳ್ಳು.”

ಇಷ್ಟು ಹೇಳಲು ಹನ್ನೊಂದು ತಿಂಗಳು ಬೇಕಾಗಿತ್ತು, ಹೇಳಿ ಮುಗಿಯಲು ಅರ್ಧ ನಿಮಿಷವೂ ಆಗಲಿಲ್ಲ. ಅತ್ತೆ ಹಾಳೆಯನ್ನು ಬಿಟ್ಟರು. ಕನ್ನಡಕ ತೆಗೆದು ಮಡಚಿ, ಬಿಚ್ಚಿ, ಮತ್ತೆ ಹಾಕಿಕೊಂಡರು. ಬೀದಿಯಲ್ಲಿ ಯಾರೋ ಕಾರು ಹಿಂದಕ್ಕೆ ತೆಗೆಯುತ್ತಿದ್ದರು, “ಇನ್ನೂ ಬಾ, ಇನ್ನೂ ಬಾ, ಸಾಕು!” ಎಂಬ ಕೂಗು ಕಿಟಕಿಯಿಂದ ಬಂತು.

“ಎಷ್ಟು ಹೊತ್ತಿದ್ದೆ ಮೇಲೆ?”

“ಮೂರು ನಿಮಿಷ. ನಾಲ್ಕಿರ್ಬಹುದು.”

“ಒಂದು ಗುಂಡಿ ತಿರುಗಿಸೋಕೆ ನಾಲ್ಕು ನಿಮಿಷ ಬೇಕಾ?” ಇದು ತರಗತಿಯ ದನಿ. ಉತ್ತರ ಗೊತ್ತಿದ್ದೇ ಕೇಳುವ ದನಿ.

“ಪಾತ್ರೆ ಹೊರಗೆ ತೆಗೆದಿಟ್ಟೆ. ಕರಕಲಾಗುತ್ತೆ ಅಂತ. ಮೇಲೆ ತಟ್ಟೆ ಮುಚ್ಚಿದೆ.” ಹೇಳುವುದು ಇನ್ನೂ ಇತ್ತು. “ಬಣ್ಣ ಚೆನ್ನಾಗಿ ಬಂದಿದೆ ಅನ್ಕೊಂಡೆ. ಒಂದು ಕ್ಷಣ ನೋಡ್ತಾ ನಿಂತೆ.”

ಅತ್ತೆ ಅವಳನ್ನು ದಿಟ್ಟಿಸಿದರು. ಬಯ್ಯುತ್ತಾರೆ ಎಂದುಕೊಂಡಳು, ಬಯ್ಯಲಿ ಎಂದು ಕಾದಳು. ಹನ್ನೊಂದು ತಿಂಗಳಲ್ಲಿ ಒಬ್ಬರೂ ಅವಳನ್ನು ಬಯ್ದಿರಲಿಲ್ಲ. ಅತ್ತೆ ಬಾಯಿ ತೆರೆದಾಗ ಬಂದದ್ದು ಬೇರೆ. “ಟೀಚರ್ ಅಂದ ಅಂತ ಹೇಳಿದ್ರೂ ಸಾಕಿತ್ತಲ್ಲೇ ನಂಗೆ. ಸುಳ್ಳು ಹೇಳೋಳು ಅದನ್ನಾದ್ರೂ ಸರಿಯಾಗಿ ಹೇಳ್ಬಾರ್ದಿತ್ತಾ? ಅದಾಗಿದ್ರೆ ಸಾಯೋವರೆಗೂ ನಂಬ್ತಿದ್ದೆ. ಅಮ್ಮ ಅಂದೆ ನೋಡು, ಅಲ್ಲೇ ಅನುಮಾನ ಬಂತು. ಇವನು ಹಾಗನ್ನೋನಲ್ಲ ಅಂತ. ಮರುಕ್ಷಣ, ಇರ್ಬಹುದು, ಸಾಯೋವಾಗ ಏನನ್ನಿಸುತ್ತೋ ಯಾರಿಗ್ಗೊತ್ತು ಅಂತ. ದಿನಾ ಎದ್ದು ಅದನ್ನ ನಂಬ್ತಿದ್ದೆ. ಕಷ್ಟಪಟ್ಟು ನಂಬ್ತಿದ್ದೆ.” ದನಿ ಒಡೆಯಿತು. ಅತ್ತೆ ಅದನ್ನು ಕೆಮ್ಮಿ ಸರಿಮಾಡಿಕೊಂಡರು. “ಕಲ್ಲಿನ ಮೇಲೆ ಕೆತ್ತಿಸ್ಬಿಟ್ರೆ ದಿನಾ ನಂಬೋ ಕೆಲ್ಸ ತಪ್ಪುತ್ತೆ ಅನ್ಕೊಂಡೆ.”

ಪೆನ್ಸಿಲ್ಲು ಕೊಡು ಎಂದು ಕೈ ಮಾಡಿದರು. ಹಾಳೆಯನ್ನು ತಮ್ಮ ಕಡೆಗೆ ಎಳೆದುಕೊಂಡು, ಆ ಸಾಲನ್ನು ಮಕ್ಕಳ ಕಾಪಿಯ ತಪ್ಪು ಲೆಕ್ಕ ಹೊಡೆದಂತೆ, ಎಡದಿಂದ ಬಲಕ್ಕೆ, ಒತ್ತಿ ಹೊಡೆದರು. ಹಾಳೆ ಒಂದು ಕಡೆ ಹರಿಯಿತು. “ಹೆಸರು, ತಾರೀಕು. ಅಷ್ಟೇ ಸಾಕು.” “ಕೆಳಗೆ ಜಾಗ ಖಾಲಿ ಉಳಿಯುತ್ತೆ,” ಎಂದಳು ಅವಳು. ಯಾಕೆ ಹಾಗೆಂದಳೋ. “ಉಳೀಲಿ. ನಾಳೆ ನೀನೇ ಹೋಗಿ ಕೊಡು ಕಲ್ಲಿನವನಿಗೆ. ನನ್ನ ಕೈಲಾಗಲ್ಲ.” ಆಮೇಲೆ, ಎದ್ದು ತಟ್ಟೆ ಎತ್ತುತ್ತ, “ನಿನ್ನ ಮೇಲಿನ ಸಿಟ್ಟು ಇಳಿದಿದೆ ಅಂತ ತಿಳ್ಕೋಬೇಡ ಮತ್ತೆ,” ಎಂದರು. “ಇಲ್ಲ ಅತ್ತೆ.” “ಬೇಗ ಇಳಿಯೋದೂ ಇಲ್ಲ.” “ಹೂಂ.”

ಇಬ್ಬರೂ ಅಡುಗೆಮನೆಗೆ ಹೋದರು. ಅವಳು ಅಂಗಿಯ ತೋಳು ಮಡಚಿ ಸಿಂಕಿಗೆ ಬಿಸಿನೀರು ಬಿಟ್ಟಳು. ಅತ್ತೆ ಪಕ್ಕದಲ್ಲಿ ನಿಂತು ಗಾಜಿನ ಪಾತ್ರೆಯ ಅಂಚನ್ನು ಚಾಕುವಿನಿಂದ ಕೆರೆಯತೊಡಗಿದರು. ಮೊಣಕೈಗಳು ತಾಗುತ್ತಿದ್ದವು. ಅತ್ತೆ ಸರಿದುಕೊಳ್ಳಲಿಲ್ಲ, ಅವಳೂ ಸರಿಯಲಿಲ್ಲ. ನೀರಿನ ಸದ್ದಿನ ಮೇಲೆ ಅತ್ತೆ ಕೇಳಿದರು: “ಅವತ್ತು ತೆಗೆದಿಟ್ಯಲ್ಲ. ಅದೇನಾಯ್ತು?”

ಇದನ್ನು ಯಾರಾದರೂ ಕೇಳುತ್ತಾರೆಂದು ಅವಳು ಎಣಿಸಿರಲಿಲ್ಲ. ತನ್ನನ್ನು ತಾನೂ ಕೇಳಿಕೊಂಡಿರಲಿಲ್ಲ. ಮಾರನೆಯ ಬೆಳಿಗ್ಗೆ ಆಸ್ಪತ್ರೆಯಿಂದ ಒಬ್ಬಳೇ ಬಂದು ಬೀಗ ತೆಗೆದು, ಅಡುಗೆಮನೆಯಲ್ಲಿ ನಿಂತೇ, ಮುಚ್ಚಿದ ತಟ್ಟೆ ಸರಿಸಿದ್ದಳು.

“ತಿಂದೆ.”

“ನೀನಾ?”

“ನಾನೇ. ಬೆಳಿಗ್ಗೆ ಬಂದು. ತಣ್ಣಗಾಗಿತ್ತು. ಕೈಯಲ್ಲೇ ತಿಂದೆ.”

“ಪೂರ್ತಿ?”

“ಪೂರ್ತಿ.”

ಚಾಕು ಗಾಜಿನ ಮೇಲೆ ಒಂದು ಸಲ ಕಿರ್ರೆಂದು ನಿಂತಿತು. “ಚೆನ್ನಾಗಿತ್ತಾ?”

ಅವಳು ಸುಳ್ಳು ಹೇಳಬಹುದಿತ್ತು. ರುಚಿ ಗೊತ್ತಾಗಲಿಲ್ಲ ಅತ್ತೆ ಎನ್ನಬಹುದಿತ್ತು, ಅಂಥ ಬೆಳಿಗ್ಗೆಗೆ ಅದೇ ಸರಿಯಾದ ಮಾತು. “ತುಂಬಾ ಚೆನ್ನಾಗಿತ್ತು,” ಎಂದಳು. “ಉಪ್ಪು ಖಾರ ಎಲ್ಲ ಸರಿಯಾಗಿತ್ತು. ಹಸಿವಾಗಿತ್ತು ನಂಗೆ.” ಹೇಳುತ್ತಿದ್ದಂತೆ ಕಣ್ಣು ಉರಿಯಿತು, ಮೂಗಿನಲ್ಲಿ ನೀರು ಬಂತು. ಒರೆಸಿಕೊಳ್ಳಲು ಕೈ ಖಾಲಿಯಿರಲಿಲ್ಲ.

ಅತ್ತೆ ಪಾತ್ರೆಯ ಮೂಲೆಯಲ್ಲಿ ಕಂದಾಗಿ ಗಟ್ಟಿಯಾಗಿದ್ದ ಚೀಸಿನ ಒಂದು ಹೆಕ್ಕಳವನ್ನು ಚಾಕುವಿನ ತುದಿಯಿಂದ ನಿಧಾನವಾಗಿ ಎಬ್ಬಿಸಿದರು. ಅದನ್ನು ಬಾಯಿಗೆ ಹಾಕಿಕೊಂಡು, ಇದ್ದ ಹಲ್ಲುಗಳಲ್ಲಿ ಸದ್ದಾಗುವಂತೆ ಅಗಿದರು. ಇನ್ನೊಂದು ಮೂಲೆಯದನ್ನೂ ಎಬ್ಬಿಸಿದರು. ಅದನ್ನು ಎರಡು ಬೆರಳಲ್ಲಿ ಹಿಡಿದು, ಅವಳ ಮುಖ ನೋಡದೆ, “ಹಿಡಿ,” ಎಂದರು.

ಅವಳ ಎರಡೂ ಕೈ ಮೊಣಕೈವರೆಗೆ ಸಾಬೂನಿನ ನೀರಿನಲ್ಲಿದ್ದವು. ಅವಳು ಬಾಯಿ ತೆರೆದಳು.